ಗೊಬ್ಬರ ಬಿದ್ದರೆ ಹವಳ ಬೆಳೆಯಬೇಕಲ್ವಾ?

ಕಡಲತಡಿ: ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಕಬ್ಬಿಗೆ ಹಾಕಿದ ಗೊಬ್ಬರ ಹೊಳೆ ಸೇರಿ, ಗ್ರೇಟ್ ಬ್ಯಾರಿಯರ್ ರೀಫ್‌ನ ಹವಳಕ್ಕೆ ಕುತ್ತು ತರುತ್ತಿದೆ ಅಂತ ಓದಿದೆ. ಗೊಬ್ಬರ ಸಿಕ್ಕರೆ ಬೆಳೆಯಬೇಕಲ್ವಾ? ಕೆಡುವುದು ಯಾಕೆ?

ಮಂಡ್ಯದವ: ಬೈಯೋಕೆ ರೈತನೇ ಸಿಗುವುದು. 2016ರಲ್ಲಿ ಅಲ್ಲಿ ಹವಳ ಬಿಳುಚಿದ್ದು ಸಮುದ್ರ ಕಾದಿದ್ದಕ್ಕೆ. ಕಬ್ಬಿನ ಗದ್ದೆಯೇ ಇಲ್ಲದ ಉತ್ತರದ ತುದಿಯಲ್ಲೇ ಜಾಸ್ತಿ ಹೊಡೆತ ಬಿತ್ತು. ಅಲ್ಲಿ ಯಾರ ಯೂರಿಯಾ?

ಸುಮಕ್ಕ: ಬಿಸಿಯ ಮಾತು ಒಪ್ಪಿದೆ ಅಣ್ಣ. ಆದರೆ ಬೆಳವಣಿಗೆಯ ಕಥೆ ಬೇರೆ. ಹವಳ ಒಂದು ಪ್ರಾಣಿ. ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗೆ ಜಾಗ ಕೊಟ್ಟಿರುತ್ತದೆ. ಆ ಪಾಚಿ ಬಿಸಿಲಲ್ಲಿ ಸಕ್ಕರೆ ಮಾಡಿ ಬಾಡಿಗೆ ಕಟ್ಟುತ್ತದೆ. ಸಾರಜನಕ ಜಾಸ್ತಿ ಸಿಕ್ಕರೆ ತನ್ನ ಸಂಸಾರವನ್ನೇ ಬೆಳೆಸಿಕೊಳ್ಳುತ್ತದೆ, ಬಾಡಿಗೆ ಬಾಕಿ ಬೀಳುತ್ತದೆ. 1990ರ ದಶಕದಲ್ಲಿ ಅಲ್ಲೇ ಒನ್ ಟ್ರೀ ದ್ವೀಪದ ಹತ್ತಿರ ಬೇಕಂತಲೇ ಸಾರಜನಕ, ರಂಜಕ ಬಿಟ್ಟು ನೋಡಿದರು. ರಂಜಕ ಬಿದ್ದ ಕಡೆ ಹವಳ ಉದ್ದಕ್ಕೇನೋ ಬೆಳೆಯಿತು, ಒಳಗೆ ಗಟ್ಟಿ ಇಲ್ಲ. ಸುಲಭವಾಗಿ ಮುರಿಯುವಂಥದ್ದು.

ಮಂಡ್ಯದವ: ಓ, ಯೂರಿಯಾ ಜಾಸ್ತಿಯಾಗಿ ಭತ್ತ ಮಲಗಿದ ಹಾಗೆ. ಅದು ನಮಗೂ ಗೊತ್ತು ಬಿಡಿ. ಆದರೆ ಅದು ಬೇಕಂತ ಸುರಿದಿದ್ದು. ಊರಿನ ನೀರಿಂದಲೇ ಕೆಟ್ಟಿದ್ದು ಎಲ್ಲಿದೆ ತೋರಿಸಿ.

ದೋಣಿಮನೆ: ಹವಾಯಿಯ ಕನೆಓಹೆ ಕೊಲ್ಲಿ. ಊರ ಚರಂಡಿ ನೀರನ್ನು ವರ್ಷಗಟ್ಟಲೆ ಅದರೊಳಕ್ಕೇ ಬಿಟ್ಟರು. ಹಸಿರು ಗುಳ್ಳೆಗಳ ಪಾಚಿ ಹವಳದ ಕೊಂಬೆಗಳ ಸಂದಿಯಲ್ಲಿ ತುಂಬಿಕೊಂಡು, ಬುಡದಿಂದಲೇ ಅದನ್ನು ಮುಚ್ಚುತ್ತಾ ಬಂತು. 1977-78ರಲ್ಲಿ ಪೈಪನ್ನು ಹೊರಗಿನ ಆಳ ಸಮುದ್ರಕ್ಕೆ ತಿರುಗಿಸಿದರು. ಐದಾರು ವರ್ಷದಲ್ಲಿ ಪಾಚಿ ಇಳಿಯಿತು, ಹವಳ ಹಬ್ಬಿತು.

ಕಡಲತಡಿ: ಪೈಪ್ ತಿರುಗಿಸಿದರೆ ಮುಗೀತು ಅನ್ನಿ!

ಸುಮಕ್ಕ: ಅಷ್ಟು ಸಲೀಸಾಗಿದ್ದರೆ ಚೆನ್ನಾಗಿತ್ತು. ಆ ಪಾಚಿ ಪೂರ್ತಿ ಹೋಗಲೇ ಇಲ್ಲ. ಅದು ಕುಸಿದಿದ್ದು 2006ರಲ್ಲಿ, ವಾರಗಟ್ಟಲೆ ಮೋಡ ಕವಿದು ಬಿಸಿಲು ಸಿಗದೆ. ಪಾಚಿ ಮೇಯುವ ಮೀನು ಎಷ್ಟಿವೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಮಂಡ್ಯದವ: ನೋಡಿ, ಕೊನೆಗೆ ಕೆಲಸ ಮಾಡಿದ್ದು ಮೋಡ 😀

ದೋಣಿಮನೆ: ಮೋಡವನ್ನು ಕರೆಸೋಕೆ ಆಗಲ್ವಲ್ಲ ಸಾರ್, ಪೈಪ್ ತಿರುಗಿಸೋಕೆ ಆಗುತ್ತೆ. ಕ್ವೀನ್ಸ್‌ಲ್ಯಾಂಡಿನ ಕಷ್ಟ ಏನಂದರೆ, ಪೈಪಿಗೆ ಒಂದೇ ಬಾಯಿ, ಗದ್ದೆಗೆ ಸಾವಿರ. ಗೊಬ್ಬರದ ಹಿಂದೆಯೇ ಜಡಿಮಳೆ ಹಿಡಿದರೆ ಎಲ್ಲಾ ಹೊಳೆಗೆ. ಅಲ್ಲಿಂದ ಸೀದಾ ದಡದ ಹತ್ತಿರದ ಹವಳಕ್ಕೆ. ರೈತನ ದುಡ್ಡೂ ನೀರುಪಾಲು.

ಮಂಡ್ಯದವ: ಅದಂತೂ ನಿಜ. ಎರಡು ಮೂಟೆ ಎರಚಿ ಮನೆಗೆ ಬರುವಷ್ಟರಲ್ಲಿ ಮಳೆ ಸುರಿದಿದ್ದು ನಾನೂ ಕಂಡಿದ್ದೇನೆ. ಅವರೂ ಮೇಲೆಯೇ ಎರಚ್ತಾರಾ?

ಸುಮಕ್ಕ: ಮಣ್ಣೊಳಗೆ ಇಡುವ ಯಂತ್ರಗಳಿವೆ. ಮಣ್ಣು ಪರೀಕ್ಷೆ ಮಾಡಿಸಿ ಲೆಕ್ಕದಷ್ಟೇ ಹಾಕಬೇಕು ಅಂತ ಕಾನೂನೂ ಬಂದಿದೆ. ನೀವು ಮಾಡಿಸಿದ್ದೀರಾ?

ಮಂಡ್ಯದವ: ಮಾಡಿಸಿದ್ದೆ ಅಕ್ಕ. ಕಾರ್ಡು ಬೀರುವಿನಲ್ಲಿ ಭದ್ರವಾಗಿದೆ.