ಆರ್-ಸ್ಕ್ವೇರ್ 0.98 ಬಂದರೂ ಈಥರ್ ಬೆಲೆಯ ಅಂದಾಜು ಕೈಕೊಡುವುದೇಕೆ?

ಪ್ರಶ್ನೆ:
ಬಿಟ್‌ಕಾಯಿನ್, ಈಥರ್, ಲೈಟ್‌ಕಾಯಿನ್ ಎಂಬ ಮೂರು ಕ್ರಿಪ್ಟೋ ನಾಣ್ಯಗಳ ಹಿಂದಿನ 60 ದಿನಗಳ ಕ್ಲೋಸಿಂಗ್ ಬೆಲೆ ಕೊಟ್ಟರೆ ಮರುದಿನದ ಈಥರ್ ಬೆಲೆ ಹೇಳುವ ಎಲ್‌ಎಸ್‌ಟಿಎಂ (ಕಾಲಕ್ರಮದ ಡೇಟಾದಿಂದ ಕಲಿಯುವ ನ್ಯೂರಲ್ ನೆಟ್‌ವರ್ಕ್) ಮಾಡೆಲ್ ಇದು. ಟೆಸ್ಟ್ ಡೇಟಾದಲ್ಲಿ ಆರ್-ಸ್ಕ್ವೇರ್ (ಅಂದಾಜು ನಿಜ ಬೆಲೆಗೆ ಎಷ್ಟು ಹೊಂದುತ್ತದೆಂಬ ಅಳತೆ; 1 ಎಂದರೆ ಪೂರ್ತಿ ಹೊಂದಿಕೆ) 0.98. ಗ್ರಾಫಿನಲ್ಲಿ ಅಂದಾಜಿನ, ನಿಜ ಬೆಲೆಯ ಎರಡು ಗೆರೆಗಳೂ ಒಂದರ ಮೇಲೊಂದು ಕೂತಿವೆ. ಆದರೆ ಬೆಲೆ ಏರುತ್ತದೋ ಇಳಿಯುತ್ತದೋ ಎಂಬುದು ಸರಿಹೋಗುವುದು ಅರ್ಧದಷ್ಟು ಸಲ ಮಾತ್ರ. ತಪ್ಪು ಎಲ್ಲಿದೆ?

ಉತ್ತರ 1:
ಮಾಡೆಲ್ ಇವತ್ತಿನ ಬೆಲೆಯನ್ನೇ ನಾಳೆಯ ಉತ್ತರವಾಗಿ ಬರೆದುಕೊಡುತ್ತಿದೆ. ಗ್ರಾಫನ್ನು ಹಿಗ್ಗಿಸಿ ನೋಡಿ, ಅಂದಾಜಿನ ಗೆರೆ ಒಂದು ದಿನ ಹಿಂದೆ ಬಿದ್ದಿರುತ್ತದೆ. ಬೆಲೆ ಹೆಚ್ಚುಕಮ್ಮಿ ರ‍್ಯಾಂಡಮ್ ವಾಕ್‌ನಂತೆ (ಮುಂದಿನ ಹೆಜ್ಜೆ ಎತ್ತ ಎಂದು ಹೇಳಲಾಗದ ನಡಿಗೆ) ನಡೆಯುವುದರಿಂದ, ಏನೂ ಕಲಿಯದೆ ‘ನಾಳೆಯೂ ಇಷ್ಟೇ’ ಎಂದರೂ ಆರ್-ಸ್ಕ್ವೇರ್ ಅಷ್ಟೇ ಬರುತ್ತದೆ. ನಿಮ್ಮ ಆರ್‌ಎಂಎಸ್‌ಇಯನ್ನು (ಅಂದಾಜು ಸರಾಸರಿ ಎಷ್ಟು ತಪ್ಪುತ್ತದೆಂಬ ಅಳತೆ) ಆ ಪೆದ್ದು ಅಂದಾಜಿನ ಆರ್‌ಎಂಎಸ್‌ಇಯಿಂದ ಭಾಗಿಸಿ. 1ಕ್ಕಿಂತ ಕೆಳಗೆ ಬರದಿದ್ದರೆ ಮಾಡೆಲ್‌ನಿಂದ ಉಪಯೋಗವಿಲ್ಲ.

ಟಾರ್ಗೆಟ್ ಆಗಿ ಬೆಲೆಯ ಬದಲು ಲಾಗ್ ರಿಟರ್ನ್ (ನಾಳೆಯ ಬೆಲೆಯನ್ನು ಇವತ್ತಿನದರಿಂದ ಭಾಗಿಸಿದ್ದರ ಲಾಗರಿದಮ್) ಇಡಿ. ಆಗ ಆರ್-ಸ್ಕ್ವೇರ್ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ, ನಿಜಸ್ಥಿತಿ ಅದೇ. ಮಿನ್-ಮ್ಯಾಕ್ಸ್ ಸ್ಕೇಲಿಂಗ್ (ಕನಿಷ್ಠ, ಗರಿಷ್ಠ ಬೆಲೆ ಹಿಡಿದು ಎಲ್ಲವನ್ನೂ 0ರಿಂದ 1ರೊಳಗೆ ತರುವುದು) ಇಡೀ ಡೇಟಾದ ಮೇಲೆ ಮಾಡಿದ್ದರೆ ಅದೂ ತಪ್ಪು: ಮುಂದೆ ಬರಲಿರುವ ಗರಿಷ್ಠ ಬೆಲೆ ಎಷ್ಟೆಂಬುದು ಟ್ರೇನಿಂಗ್‌ಗೆ ಸೋರಿಹೋಗುತ್ತದೆ.

ಉತ್ತರ 2:
ನಾಣ್ಯಗಳು ಒಟ್ಟಿಗೆ ಏರಿಳಿಯುವುದನ್ನು ಕಂಡು ಸಂಬಂಧವಿದೆ ಎನ್ನುವ ಮೊದಲು ಏಂಗಲ್-ಗ್ರೇಂಜರ್ ಪರೀಕ್ಷೆ (ಎರಡು ಬೆಲೆಗಳ ನಡುವಿನ ಅಂತರ ಮತ್ತೆ ತನ್ನ ಮಟ್ಟಕ್ಕೆ ಮರಳುತ್ತದೆಯೇ ಎಂದು ನೋಡುವುದು) ಮಾಡಿ. ಈಥರ್‌ನ ಲಾಗ್ ಬೆಲೆಯನ್ನು ಬಿಟ್‌ಕಾಯಿನ್‌ನ ಲಾಗ್ ಬೆಲೆಯ ಮೇಲೆ ರಿಗ್ರೆಸ್ ಮಾಡಿ, ಉಳಿಕೆಗೆ (ರಿಗ್ರೆಶನ್ ವಿವರಿಸದೆ ಬಿಟ್ಟ ಅಂತರ) ಎಡಿಎಫ್ ಪರೀಕ್ಷೆ (ಅದು ಒಂದು ಮಟ್ಟದ ಸುತ್ತಲೇ ಸುಳಿಯುತ್ತದೆಯೇ ಎಂಬುದರದು) ಹಾಕಿ. ಹೆಚ್ಚಿನವರು ಎಡವುವುದು ಇಲ್ಲೇ. ಮಾಮೂಲಿ ಎಡಿಎಫ್ ಕೋಷ್ಟಕದ -2.86 ನಡೆಯುವುದಿಲ್ಲ, ಉಳಿಕೆಯೇ ರಿಗ್ರೆಶನ್‌ನಿಂದ ಬಂದದ್ದಾದ್ದರಿಂದ 5% ಮಟ್ಟಕ್ಕೆ ಸುಮಾರು -3.34ಕ್ಕಿಂತ ಕೆಳಗೆ ಹೋಗಬೇಕು. ಪಾಸಾಯಿತೆಂದು ಅಲ್ಲಿಗೇ ಬಿಡಬೇಡಿ. ಉಳಿಕೆಯ ಎಆರ್(1) ಗುಣಾಂಕ (ಇವತ್ತಿನ ಅಂತರದಲ್ಲಿ ನಾಳೆಗೂ ಉಳಿಯುವ ಪಾಲು) 0.97 ಆದರೆ ಅಂತರ ಅರ್ಧಕ್ಕಿಳಿಯಲು ಸುಮಾರು 23 ದಿನ ಬೇಕು. ನಾಳೆಯ ಬೆಲೆಗೆ ಅದರಿಂದ ಸಿಗುವ ಸುಳಿವು ತೀರಾ ಸಣ್ಣದು.

2022ರ ಸೆಪ್ಟೆಂಬರ್ 15ರ ಹಿಂದಿನ, ಮುಂದಿನ ಡೇಟಾವನ್ನು ಬೇರೆ ಬೇರೆಯಾಗಿಯೂ ಪರೀಕ್ಷಿಸಿ. ಅಂದು ಈಥರ್‌ನ ಜಾಲವಾದ ಈಥೀರಿಯಂ ಪ್ರೂಫ್ ಆಫ್ ವರ್ಕ್ (ಕಂಪ್ಯೂಟರ್ ಲೆಕ್ಕದ ಪೈಪೋಟಿಯಿಂದ ವಹಿವಾಟು ದೃಢೀಕರಿಸುವ ವಿಧಾನ) ಬಿಟ್ಟು ಪ್ರೂಫ್ ಆಫ್ ಸ್ಟೇಕ್‌ಗೆ (ಈಥರ್ ಒತ್ತೆಯಿಟ್ಟು ದೃಢೀಕರಿಸುವ ವಿಧಾನ) ಹೋಯಿತು. ಹೊಸ ಈಥರ್ ಹುಟ್ಟುವ ಪ್ರಮಾಣ 90%ರ ಹತ್ತಿರ ತಗ್ಗಿತು. ಎರಡು ನಾಣ್ಯಗಳ ಬೆಲೆಯ ಮುಂಚಿನ ಅನುಪಾತ ಆಮೇಲೂ ನಿಲ್ಲಬೇಕೆಂದೇನಿಲ್ಲ.

ಪ್ರಶ್ನೆ ಕೇಳಿದವರು:
ರಿಟರ್ನ್‌ಗೆ ಬದಲಿಸಿದಾಗ ಸೊನ್ನೆಗೇ ಬಂತು. ಆದರೆ ಗಂಟೆವಾರು ಡೇಟಾದಲ್ಲಿ ಬಿಟ್‌ಕಾಯಿನ್ ಏರಿದ ಮುಂದಿನ ಗಂಟೆಗೆ ಒಂದು ಸಣ್ಣ ನಾಣ್ಯ ಏರುತ್ತಿದೆ. ಗ್ರೇಂಜರ್ ಪರೀಕ್ಷೆಯ (ಒಂದರ ಹಿಂದಿನ ಚಲನೆ ಇನ್ನೊಂದರ ಮುಂದಿನದನ್ನು ಊಹಿಸಲು ನೆರವಾಗುತ್ತದೆಯೇ ಎಂಬುದರದು) ಪಿ-ವ್ಯಾಲ್ಯೂ (ನಂಟೇ ಇಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಾಧ್ಯತೆ) 0.01ಕ್ಕಿಂತ ಕಡಿಮೆ. ಇದನ್ನು ನಂಬಬಹುದೇ?

ಉತ್ತರ 3:
ಮೊದಲು ಟೈಮ್‌ಸ್ಟ್ಯಾಂಪ್ ನೋಡಿ. ಬೈನಾನ್ಸ್ ಎಂಬ ಕ್ರಿಪ್ಟೋ ಎಕ್ಸ್‌ಚೇಂಜ್‌ನ ಗಂಟೆವಾರು ಬೆಲೆಪಟ್ಟಿಯ, ಅಂದರೆ ಕ್ಯಾಂಡಲ್‌ ಡೇಟಾದ ಮೊದಲ ಕಾಲಂ ಗಂಟೆ ಶುರುವಾದ ಸಮಯ. ಸಣ್ಣ ನಾಣ್ಯದ ಡೇಟಾ ಬೇರೆ ಕಡೆಯದಾಗಿ, ಅಲ್ಲಿ ಗಂಟೆ ಮುಗಿದ ಸಮಯ ಬರೆದಿದ್ದರೆ, 10ರಿಂದ 11ರ ಒಂದೇ ಏರಿಕೆ ಬಿಟ್‌ಕಾಯಿನ್‌ಗೆ 10 ಎಂದೂ ಆ ನಾಣ್ಯಕ್ಕೆ 11 ಎಂದೂ ದಾಖಲಾಗುತ್ತದೆ.

ಸಮಯ ಸರಿಯಿದ್ದರೆ ವಹಿವಾಟು ಎಷ್ಟಿದೆ ನೋಡಿ. ಕೊನೆಯ ವಹಿವಾಟು 40 ನಿಮಿಷ ಹಳೆಯದಾದರೆ ಕ್ಲೋಸಿಂಗ್ ಬೆಲೆಯೂ ಅಷ್ಟೇ ಹಳೆಯದು. ಬಿಡ್ (ಕೊಳ್ಳುವವರು ಕೊಡುವ ಬೆಲೆ), ಆಸ್ಕ್‌ಗಳ (ಮಾರುವವರು ಕೇಳುವ ಬೆಲೆ) ನಡುಬೆಲೆ ಹಿಡಿದು ಮತ್ತೆ ಪರೀಕ್ಷಿಸಿ. ಇಂಥ ಸಂಬಂಧ ಬಹಳ ಸಲ ಅಲ್ಲೇ ಕರಗಿಹೋಗುತ್ತದೆ. ಉಳಿದರೂ, ಒಂದು ವಹಿವಾಟಿಗೆ 0.1% ಶುಲ್ಕವೆಂದರೆ ಕೊಂಡು ಮಾರುವಷ್ಟರಲ್ಲಿ 0.2%, ಮೇಲೆ ಸ್ಪ್ರೆಡ್ (ಬಿಡ್, ಆಸ್ಕ್‌ಗಳ ನಡುವಿನ ವ್ಯತ್ಯಾಸ). ಸರಾಸರಿ ಏರಿಕೆ ಅದನ್ನು ದಾಟಬೇಕು.

ಇನ್ನೊಂದು: ಎರಡೂ ಬೆಲೆ ಒಂದೇ ಕರೆನ್ಸಿಯಲ್ಲಿವೆಯೇ? 2023ರ ಮಾರ್ಚ್ 11ರಂದು, 1 ಡಾಲರ್‌ಗೆ ಸಮವಾಗಿರಬೇಕಾದ ಕ್ರಿಪ್ಟೋ ನಾಣ್ಯ ಯುಎಸ್‌ಡಿಸಿ 0.90 ಡಾಲರ್‌ಗಿಂತ ಕೆಳಗಿಳಿದಿತ್ತು. ಒಂದರ ಬೆಲೆ ಡಾಲರಿನಲ್ಲಿ, ಇನ್ನೊಂದರದು ಯುಎಸ್‌ಡಿಸಿಯಲ್ಲಿ ಇದ್ದರೆ ಆ ದಿನ ಕಾಣುವ ಅಂತರ ನಾಣ್ಯಗಳದ್ದಲ್ಲ, ಅಳತೆಗೋಲಿನದು.