ಥರ್ಮಾಕೋಲ್ ಗುಡ್ಡ ಕರಗಿತು, ಏನು ಮಾಡಲಿ?

ಹಳಿಹುಚ್ಚ, ಹುಬ್ಬಳ್ಳಿ:
ನನ್ನ ಮಾಡೆಲ್ ರೈಲಿನ ಸುತ್ತ ಎಚ್‌ಒ ಸ್ಕೇಲಿನಲ್ಲಿ, ಅಂದ್ರೆ ನಿಜದ್ದಕ್ಕಿಂತ 87 ಪಟ್ಟು ಚಿಕ್ಕದಾಗಿ (1:87), ಕುಂದಗೋಳ ಕಡೆಯ ಎರೆಹೊಲ ಮಾಡುತ್ತಿದ್ದೇನೆ. ಮೂಲೆಯಲ್ಲಿ ಸುಮ್ನೆ ಒಂದು ಗುಡ್ಡ ಇಟ್ಟಿದ್ದೆ. ಸ್ಪ್ರೇ ಪೇಂಟ್ ಹೊಡೆದೆ. ಥರ್ಮಾಕೋಲ್ ಸುಟ್ಟ ಹಪ್ಪಳದಂತೆ ಮುದುಡಿತು. ಅವ್ವ ನೋಡಿ, "ಇನ್ನೂ ಸಣ್ಣ ಹುಡುಗನಾ ನೀನು?" ಅಂದಳು. ಹೊಲಕ್ಕೆ ನಿಜವಾದ ಎರೆಮಣ್ಣನ್ನೇ ಹಾಕಬಹುದಾ?

ಗದಗ ಪ್ಯಾಸೆಂಜರ್:
ಸ್ಪ್ರೇಯಲ್ಲಿರುವ ಸಾಲ್ವೆಂಟ್ ಥರ್ಮಾಕೋಲನ್ನು ತಿನ್ನುತ್ತದೆ ರೀ. ಫೆವಿಕಾಲ್ ನೀರಲ್ಲಿ ಅದ್ದಿದ ಪೇಪರ್ ತುಂಡು ಎರಡು ಪದರ ಅಂಟಿಸಿ, ಒಣಗಿದ ಮೇಲೆ ನೀರಿನ ಪೇಂಟ್ ಹಚ್ಚಿ. ಎರೆಮಣ್ಣು ಚೆನ್ನಾಗಿರುತ್ತದೆ, ಆದರೆ ಹಸಿಯಾಗಿ ದಪ್ಪ ಮೆತ್ತಿದರೆ ಬಿರಿಯುತ್ತದೆ. ಹೊಲದಲ್ಲೂ ಹಾಗೇ ತಾನೇ! ಒಣಗಿಸಿ, ಹಳೇ ಪಂಚೆಯಲ್ಲಿ ಸೋಸಿ, ಅಂಟಿನ ಮೇಲೆ ಉದುರಿಸಿ. ಮುಂಚೆ ಒಮ್ಮೆ ಮ್ಯಾಗ್ನೆಟ್ ಆಡಿಸಿ. ಕಬ್ಬಿಣದ ಕಣ ಇದ್ದರೆ ಇಂಜಿನ್ನಿನ ಮೋಟರಿಗೆ ಹತ್ತಿಕೊಳ್ಳುತ್ತದೆ. ನನ್ನದೊಂದು ಹಾಗೇ ಹೋಯಿತು.

ಹಳಿಹುಚ್ಚ:
ಮ್ಯಾಗ್ನೆಟ್ ವಿಷಯ ಗೊತ್ತೇ ಇರಲಿಲ್ಲ. ಮುಂದೆ ನಮ್ಮ ಹುಬ್ಬಳ್ಳಿಯ ಉದ್ದ ಪ್ಲಾಟ್‌ಫಾರ್ಮ್ ಮಾಡುವ ಆಸೆ.

ಧಾರವಾಡ ಜಿಟಿಜಿಟಿ:
1507 ಮೀಟರನ್ನು 87ರಿಂದ ಭಾಗಿಸಿ ನೋಡಿ. 17 ಮೀಟರಿಗಿಂತ ಜಾಸ್ತಿ! ಪಕ್ಕದ ಮನೆಯವರ ಗೋಡೆನೂ ಒಡೀಬೇಕಾಗುತ್ತದೆ. ಕುಂದಗೋಳವೇ ಸಾಕು, ಅಲ್ವಾ?