ಸಹಾಯ ಬೇಕು: ಹಳೆ ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಸ್‌ಡಿ 6 ಜಿಬಿಪಿಎಸ್ (ಸೆಕೆಂಡಿಗೆ ಗಿಗಾಬಿಟ್) ವೇಗದಲ್ಲಿ ಸ್ಥಿರವಾಗಿ ಉಳಿಯುತ್ತಿಲ್ಲ

ಲ್ಯಾಪ್‌ಟಾಪ್ 2011ರದ್ದು. ಇಂಟೆಲ್ ಎರಡನೇ ತಲೆಮಾರಿನ ಐ5, ಎಚ್‌ಎಂ65 ಚಿಪ್‌ಸೆಟ್, 8 ಜಿಬಿ ರ‍್ಯಾಮ್. 500 ಜಿಬಿ ಹಾರ್ಡ್ ಡಿಸ್ಕ್ ತೆಗೆದು 480 ಜಿಬಿಯ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿದೆ. ಡ್ರೈವ್ 7 ಮಿ.ಮೀ., ಜಾಗ 9.5 ಮಿ.ಮೀ. ಇದ್ದುದರಿಂದ ಸ್ಪೇಸರ್ ಕೊಟ್ಟಿದ್ದೇನೆ. ಬಯಾಸ್‌ನಲ್ಲಿ ಎಎಚ್‌ಸಿಐ (ಸಾಟಾ ಡ್ರೈವ್ ನಡೆಸುವ ವಿಧಾನ) ಇದೆ. ಹಳೆ ಡಿಸ್ಕಿನ ಕ್ಲೋನ್ ಅಲ್ಲ, ಲಿನಕ್ಸ್ ಮಿಂಟ್ ಹೊಸದಾಗಿ ಹಾಕಿದ್ದು.

ತೊಂದರೆ ಏನೆಂದರೆ, ದೊಡ್ಡ ಫೈಲ್ ನಕಲಿಸುವಾಗ 10-20 ಸೆಕೆಂಡ್ ಎಲ್ಲವೂ ಸ್ತಬ್ಧ. ಕರ್ನಲ್ ಲಾಗ್‌ನಲ್ಲಿ ಲಿಂಕ್ (ಬೋರ್ಡ್-ಡ್ರೈವ್ ನಡುವಿನ ಸಂಪರ್ಕ) ರೀಸೆಟ್, ಆಮೇಲೆ ವೇಗ 6ರಿಂದ 3ಕ್ಕೆ, ಕೆಲವೊಮ್ಮೆ 1.5 ಜಿಬಿಪಿಎಸ್‌ಗೆ ಇಳಿಯುತ್ತದೆ. ಸ್ಮಾರ್ಟ್ (ಡ್ರೈವ್ ತನ್ನ ಆರೋಗ್ಯದ ಬಗ್ಗೆ ಕೊಡುವ) ವರದಿಯಲ್ಲಿ 199ನೇ ಅಂಶ, ಅಂದರೆ ಸಿಆರ್‌ಸಿ ದೋಷಗಳ (ಡೇಟಾ ಸಾಗಣೆಯಲ್ಲಿ ಕೆಡುವುದರ) ಲೆಕ್ಕ, ಏರುತ್ತಲೇ ಇದೆ. ಡ್ರೈವ್‌ನೊಳಗಿನ ದೋಷ ತೋರಿಸುವ 5 ಮತ್ತು 187ನೇ ಅಂಶಗಳು ಸೊನ್ನೆ. ಅದೇ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಎನ್‌ಕ್ಲೋಶರ್‌ಗೆ ಹಾಕಿ 200 ಜಿಬಿ ಬರೆದು ಓದಿದರೆ ಆ ಲೆಕ್ಕ ಒಂದೂ ಏರಲಿಲ್ಲ. ಹಾಗಾಗಿ "ಎಸ್‌ಎಸ್‌ಡಿ ಬದಲಿಸಿ" ಅನ್ನಬೇಡಿ. ಲಿಂಕ್ ಪವರ್ ಮ್ಯಾನೇಜ್‌ಮೆಂಟ್ ಆಫ್ ಮಾಡಿಯೂ ನೋಡಿದೆ, ಫಲವಿಲ್ಲ.

ಅನುಮಾನ ಇರುವುದು ಮದರ್‌ಬೋರ್ಡ್‌ನಿಂದ ಡ್ರೈವ್‌ಗೆ ಬರುವ ರಿಬ್ಬನ್ ಕೇಬಲ್ ಮೇಲೆ. ಹಳೆ ಡಿಸ್ಕ್ 3 ಜಿಬಿಪಿಎಸ್‌ನದ್ದು, ಅದಕ್ಕೆ ಇದೇ ಕೇಬಲ್ ಸಾಕಾಗಿತ್ತು. ಸದ್ಯ ಬೂಟ್ ಸಾಲಿನಲ್ಲಿ (ಲಿನಕ್ಸ್ ಶುರುವಾಗುವಾಗ ಕೊಡುವ ಆಯ್ಕೆಗಳಲ್ಲಿ) ವೇಗವನ್ನು 3 ಜಿಬಿಪಿಎಸ್‌ಗೆ ಕಟ್ಟಿಹಾಕಿದ್ದೇನೆ. ಮೂರು ದಿನದಿಂದ ದೋಷವಿಲ್ಲ. ಓದುವ ವೇಗ ಸೆಕೆಂಡಿಗೆ 550ರ ಬದಲು ಸುಮಾರು 270 ಎಂಬಿ. ದಿನದ ಕೆಲಸಕ್ಕೆ ಅಷ್ಟೇನೂ ಗೊತ್ತಾಗದು, ಆದರೂ ಮನಸ್ಸು ಒಪ್ಪುತ್ತಿಲ್ಲ!

ಕೇಬಲ್ ಮೇಲಿನ ಪಾರ್ಟ್ ನಂಬರ್‌ನ ಕೊನೆಯ ಅಕ್ಷರ ಬೇರೆಯಾದರೆ ಪಿನ್ ಜೋಡಣೆಯೂ ಬದಲಾಗುತ್ತದೆಯೇ? ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥ ಕೇಬಲ್ ಬಿಡಿಯಾಗಿ ಸಿಗುತ್ತದೆಯೇ? ಕೇಬಲ್‌ಗೆ ತಾಮ್ರದ ಟೇಪ್ ಸುತ್ತಿ ಯಾರಿಗಾದರೂ 6 ಜಿಬಿಪಿಎಸ್ ಸಿಕ್ಕಿದೆಯೇ?